ಮೈಸೂರಿನಿಂದ ಬಂದ ಹೊಸ ಅನಾಥೆ

ನನಗಾಗ ಇಪ್ಪತ್ತು ವರ್ಷ. ಅನಾಥ ಮಕ್ಕಳಿಗೆ ಮೂರು ತಿಂಗಳು ಪಾಠ ಹೇಳಿ ಬರುತ್ತೇನೆಂದು ಹಟ ಹಿಡಿದು ಮೈಸೂರಿನಿಂದ ತೆಲುಗು ಸೀಮೆಯ ಅಂಚಿನ ಆದವಾನಿಗೆ ಹೊರಟೆ. ನಮ್ಮಮ್ಮನಿಗೆ ಮಹಾರಾಜರ ಸೀಮೆ ದಾಟಿದ್ದೆಲ್ಲ ಪರದೇಶವೇ. ಅಲ್ಲಿಯೂ ಕನ್ನಡ ಆಡುತ್ತಾರೆ ಎಂದು ಸಮಾಧಾನ ಹೇಳಿದರೆ, "ಆಡಲಿ, ಊಟಕ್ಕೇನು ಮಾಡ್ತಾರೆ?" ಎಂದು ಕೇಳಿದಳು. ನನಗೂ ಗೊತ್ತಿರಲಿಲ್ಲ.

ಹೆಣ್ಣುಮಕ್ಕಳ ಆ ಆಶ್ರಮವನ್ನು ನಡೆಸುತ್ತಿದ್ದವರು ಹತ್ತಿ ವ್ಯಾಪಾರಿಯೊಬ್ಬರ ವಿಧವೆ. ಹಣೆಯ ತುಂಬ ವಿಭೂತಿ, ಮಾತು ಕಡಿಮೆ. ಎಲ್ಲರೂ ಅವರನ್ನು ಅವ್ವ ಎನ್ನುತ್ತಿದ್ದರು. ನನ್ನ ಟ್ರಂಕನ್ನು ಒಳಗಿಡಿಸಿ, ಹದಿನಾಲ್ಕು ಮಕ್ಕಳನ್ನು ಸಾಲಾಗಿ ಕೂರಿಸಿ, "ಈಕಿ ಮೈಸೂರಿನಾಕಿ. ಇನ್ನ ನಮ್ಮ ಜೋಡಿ ಇರ್ತಾಳ. ಚೆಂದಾಗಿ ನೋಡಿಕೊಳ್ರಿ" ಎಂದರು. ಹೊಸದಾಗಿ ಬಂದ ಪ್ರತಿ ಅನಾಥ ಮಗುವನ್ನು ತೋರಿಸಿ ಅವರು ಹೇಳುತ್ತಿದ್ದುದು ಇದೇ ಮಾತಂತೆ. ಅದು ನನಗೆ ಹೇಗೆ ಗೊತ್ತಾಗಬೇಕು?

ಸಂಜೆ ಎಂಟು ವರ್ಷದ ಹುಡುಗಿಯೊಬ್ಬಳು ಬಂದು ನನ್ನ ಕೈಗೆ ಒಂದು ಚೂರು ಬೆಲ್ಲ ಇಟ್ಟಳು. ಮದ್ದಿಕೇರ ಕಡೆಯ ಕುರಿ ಸಾಕುವವರ ಮಗಳು, ಮುಂದಿನ ಎರಡು ಹಲ್ಲು ಬಿದ್ದಿದ್ದವು.

"ಅಕ್ಕಾ, ಅಳಬೇಕಂದ್ರ ಹತ್ತಿ ಗೋದಾಮದ ಹಿಂದ ಹೋಗು. ಅಲ್ಲಿ ಯಾರಿಗೂ ಕೇಳಂಗಿಲ್ಲ. ಮಧ್ಯಾಹ್ನ ಮಾತ್ರ ಹೋಗಬ್ಯಾಡ, ನೆಲ ಸುಡತೈತಿ."

"ನಾನು ಯಾಕೆ ಅಳಲಿ? ನನಗೆ ಅಪ್ಪ ಅಮ್ಮ ಎಲ್ಲಾ ಇದ್ದಾರೆ. ನಾನು ಸೇವೆಗೆ ಬಂದವಳು" ಎಂದೆ.

ಅವಳು ದೊಡ್ಡವಳ ಹಾಗೆ ತಲೆಯಾಡಿಸಿದಳು. "ಮೊದಮೊದಲ ಎಲ್ಲಾರೂ ಹಂಗ ಅಂತಾರ."

ಮರುದಿನದಿಂದ ನನ್ನ ಪಾಲನೆ ಶುರುವಾಯಿತು. ನಾನು ಅವರಿಗೆ ಓದು, ಸಂಗೀತ ಕಲಿಸಬೇಕೆಂದು ಬಂದಿದ್ದೆ. ಅವರು ನನಗೆ ಬಾವಿಯಿಂದ ನೀರು ಸೇದುವುದನ್ನು, ಉಪ್ಪುನೀರಿನಲ್ಲಿ ತಲೆ ತೊಳೆಯುವುದನ್ನು, ಜೋಳದ ರೊಟ್ಟಿ ಬಡಿಯುವುದನ್ನು ಕಲಿಸಿದರು. ನಾನು ಬಡಿದ ಮೊದಲ ರೊಟ್ಟಿ ಹಂಚು ಮುಟ್ಟುವ ಮೊದಲೇ ಮೂರು ಹೋಳಾಯಿತು. ಮಕ್ಕಳು ಅದನ್ನು ಪುಂಡಿಪಲ್ಯದ ಜೊತೆ ತಿಂದು, "ಪರವಾಲೇದು ಅಕ್ಕಾ" ಎಂದರು. ಚಿಂತೆಯಿಲ್ಲ ಎಂಬುದಕ್ಕೆ ಅದು ತೆಲುಗು ಮಾತು. ನಾನು ಅದನ್ನು ತಿಂಡಿಯ ಹೆಸರೆಂದುಕೊಂಡು ಮಾರನೆಯ ಬೆಳಿಗ್ಗೆ ಅವ್ವನನ್ನು, "ಇವತ್ತೂ ಪರವಾಲೇದು ಮಾಡೋಣವೇ?" ಎಂದು ಕೇಳಿದೆ. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹಿತ್ತಿಲಿಗೆ ಹೋದರು.

ಅವಮಾನವಾಗಿ ನಾನು ನಿಜವಾಗಿಯೂ ಗೋದಾಮಿನ ಹಿಂದಕ್ಕೆ ಹೋದೆ. ಅಲ್ಲಿ ಆಗಲೇ ಒಬ್ಬ ಹುಡುಗಿ ಕೂತಿದ್ದಳು. ನನ್ನನ್ನು ನೋಡಿ ಮೂಗು ಒರೆಸಿಕೊಂಡು ಎದ್ದಳು. "ನಂದು ಮುಗೀತು. ನೀ ಕುಂದ್ರು."

ಮೂರು ತಿಂಗಳಾಗುತ್ತಲೇ ಅಪ್ಪ ನನ್ನನ್ನು ಕರೆದೊಯ್ಯಲು ಬಂದರು. ಅಪ್ಪ ಸ್ಕೂಲ್ ಮೇಷ್ಟ್ರು. ಕರಿ ಕೋಟು, ಪೇಟ, ಆ ಬಿಸಿಲಿನಲ್ಲಿ ಬೆವರಿ ಹಣ್ಣಾಗಿದ್ದರು. ಅವ್ವ ಜೋಳ ತರಲು ಪತ್ತಿಕೊಂಡಕ್ಕೆ ಹೋಗಿದ್ದರು. ಹಾಗಾಗಿ ಆ ಹಲ್ಲಿಲ್ಲದ ಹುಡುಗಿಯೇ ಅಪ್ಪನಿಗೆ ನೀರು ಕೊಟ್ಟು, ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತಳು. ಮಕ್ಕಳನ್ನು ಸಾಕಿಕೊಳ್ಳಲು ಬಂದವರನ್ನು ಅವ್ವ ವಿಚಾರಿಸುತ್ತಿದ್ದ ರೀತಿ ಅವಳಿಗೆ ಬಾಯಿಪಾಠ.

"ನಿಮ್ಮ ಮನ್ಯಾಗ ಎಷ್ಟ ಮಂದಿ ಅದಾರ್ರಿ?"

"ಐದು ಜನ" ಎಂದರು ಅಪ್ಪ, ಇನ್‌ಸ್ಪೆಕ್ಟರರ ಮುಂದೆ ನಿಂತವರ ಹಾಗೆ.

"ಓದಾಕ ಬಿಡ್ತೀರೇನ್ರಿ?"

"ಓದಿಸಿದ್ದೇನಮ್ಮ."

"ಹೊಡೀತೀರೇನ್ರಿ?"

ಅಪ್ಪನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಚೊಂಬು ಕೆಳಗಿಟ್ಟು, "ಒಂದು ಸಲ. ಪರೀಕ್ಷೆ ಪೇಪರಿನ ಮೇಲೆ ಶಾಯಿ ಚೆಲ್ಲಿದ್ದಳು" ಎಂದರು.

ಸುತ್ತ ನಿಂತಿದ್ದ ಮಕ್ಕಳೆಲ್ಲ ಬಾಗಿಲ ಬಳಿ ನಿಂತಿದ್ದ ನನ್ನ ಕಡೆ ತಿರುಗಿದರು. ನಾನು ನಗು ತಡೆಯಲು ಗೋಡೆ ನೋಡಿದೆ. ಅವರಿಗೆ ಅದು ಅಳುವಿನಂತೆ ಕಂಡಿರಬೇಕು.

"ಈಗ ಯಾಕ ಕರಕೊಂಡು ಹೋಗ್ತೀರಿ?"

"ಮದುವೆಗಮ್ಮ. ಹುಡುಗ ಒಳ್ಳೆಯವನು, ಜಾತಕವೂ ಕೂಡಿದೆ."

ಇದು ನನಗೇ ಹೊಸ ಸುದ್ದಿ. ನಗು ಅಲ್ಲಿಗೇ ನಿಂತಿತು.

"ಅಕ್ಕ ಹುಡುಗನ್ನ ನೋಡ್ಯಾಳೇನ್ರಿ?"

"ಇಲ್ಲ."

"ಹಂಗಾದ್ರ ಕೊಡಾಕ ಆಗಂಗಿಲ್ರಿ" ಎಂದು ಅವಳು ಎದ್ದು, ಖಾಲಿ ಚೊಂಬು ಎತ್ತಿಕೊಂಡು ಒಳಗೆ ಹೋದಳು.

ಅಪ್ಪ ಪೇಟ ತೆಗೆದು ಮಡಿಲಲ್ಲಿಟ್ಟುಕೊಂಡರು. ಆಮೇಲೆ ನನ್ನನ್ನು ಕರೆದು, "ನಿನ್ನ ಇಷ್ಟ ಏನು?" ಎಂದು ಕೇಳಿದರು. ಹುಟ್ಟಿದಾಗಿನಿಂದ ಈ ಪ್ರಶ್ನೆಯನ್ನು ಅವರ ಬಾಯಲ್ಲಿ ನಾನು ಕೇಳಿರಲಿಲ್ಲ. ಇನ್ನೊಂದು ವರ್ಷ ಇಲ್ಲಿರುತ್ತೇನೆ ಎಂದೆ. ಪತ್ತಿಕೊಂಡದಿಂದ ಬಂದ ಅವ್ವ ನಡೆದದ್ದನ್ನೆಲ್ಲ ಕೇಳಿ, "ಆಕಿ ಕೇಳಿದ್ದರಾಗ ತಪ್ಪೇನೈತ್ರಿ?" ಎಂದಷ್ಟೇ ಹೇಳಿ ಅಪ್ಪನಿಗೆ ಊಟಕ್ಕೆ ಎಲೆ ಹಾಕಿಸಿದರು.

ಮಾರನೆಯ ದಿನ ಅಪ್ಪ ಒಬ್ಬರೇ ಗಾಡಿ ಹತ್ತಿದರು. ನಾನು ಸ್ಟೇಷನ್ನಿನಿಂದ ಕಣ್ಣು ಕೆಂಪು ಮಾಡಿಕೊಂಡು ಬಂದಾಗ ಆ ಹುಡುಗಿ ಬಾಗಿಲಲ್ಲೇ ಕಾಯುತ್ತಿದ್ದಳು. ನನ್ನ ಕೈ ಹಿಡಿದು, "ಬ್ಯಾಸರ ಮಾಡಿಕೋಬ್ಯಾಡ ಅಕ್ಕಾ. ಇವರು ಹೋದ್ರ ಹೋಗಲಿ. ನಿನ್ನ ಸಾಕಾಕ ಇನ್ನ ಯಾರಾರ ಚಲೋ ಮಂದಿ ಬಂದ ಬರ್ತಾರ" ಎಂದಳು.

ನಾನು ಅಲ್ಲಿ ನಾಲ್ಕು ವರ್ಷ ಇದ್ದೆ.