ಸಿಸ್ಟರ್ ಸವಿತಾ ನೌಕರಿ ಬದಲಿಸಿದರು

ಭಾಷಣಕ್ಕೆ ಕರೆದರೆ ಭಾಷಣ ಮಾಡಬೇಕು, ಪ್ರಶ್ನೆ ಕೇಳಬಾರದು. ಈ ಪಾಠವನ್ನು ನಾನು ಕಲಿತದ್ದು ಪಾಂಡವಪುರದಲ್ಲಿ, ನರ್ಸ್‌ಗಳ ದಿನಾಚರಣೆಯ ವೇದಿಕೆಯ ಮೇಲೆ.

ಎದುರಿಗೆ ಸುತ್ತಲಿನ ತಾಲ್ಲೂಕುಗಳಿಂದ ಬಂದ ನರ್ಸ್‌ಗಳು. ನನಗಿಂತ ಮೊದಲು ಮಾತಾಡಿದ ಮೂವರೂ ‘ತ್ಯಾಗ’ ಎಂಬ ಪದವನ್ನು ಧಾರಾಳವಾಗಿ ಬಳಸಿ ಮುಗಿಸಿದ್ದರು. ನನಗೇನೂ ಉಳಿದಿರಲಿಲ್ಲ. ಹಾಗಾಗಿ ಕೇಳಿಬಿಟ್ಟೆ: ‘ಬೇರೆ ಒಳ್ಳೆಯ ಕೆಲಸ ಸಿಕ್ಕರೆ ನಿಮ್ಮಲ್ಲಿ ಎಷ್ಟು ಜನ ಇದನ್ನು ಬಿಡ್ತೀರಿ?’

ಯಾರೂ ಕೈ ಎತ್ತುವುದಿಲ್ಲ, ಚಪ್ಪಾಳೆ ಗಿಟ್ಟಿಸಬಹುದು ಅಂದುಕೊಂಡಿದ್ದೆ. ಸಭಾಂಗಣದ ತುಂಬ ಕೈಗಳು! (ಹಿಂದಿನ ಸಾಲಿನ ಒಬ್ಬರು ಎರಡೂ ಕೈ ಎತ್ತಿದ್ದರು.) ಪಕ್ಕದಲ್ಲಿದ್ದ ವೈದ್ಯಾಧಿಕಾರಿ ನೀರು ಕುಡಿದರು.

‘ಬಿಟ್ಟು ಏನ್ಮಾಡ್ತೀರಿ?’

‘ಬೇಕರಿ ಇಡ್ತೀನಿ ಸಾರ್!’

‘ಎರಡು ಹಸ ಕಟ್ಕಂಡು ಡೈರಿಗೆ ಹಾಲು ಹಾಕ್ತೀನಿ.’

ಕೆ.ಆರ್. ಪೇಟೆಯ ಹಿರಿಯ ಸಿಸ್ಟರ್ ಎದ್ದು ನಿಂತರು. ‘ನಿಮ್ಮಂಗೆ ಕುಂತ್ಕಂಡು ಬರಿಯೋ ಕೆಲ್ಸ ಇದ್ರೆ ಹೇಳಿ ಸಾರ್. ಕಾಲ್ನೋವಾದ್ರೂ ತಪ್ತದೆ.’

ನಗು ನಿಲ್ಲಲು ಸಾಕಷ್ಟು ಹೊತ್ತು ಬೇಕಾಯಿತು.

ಎರಡೂ ಕೈ ಎತ್ತಿದವರು ಸವಿತಾ. ಗಂಜಾಂನವರು. ಹನ್ನೊಂದು ವರ್ಷದಿಂದ ಹೆರಿಗೆ ವಾರ್ಡಿನಲ್ಲಿದ್ದರು. ಊಟದ ಹೊತ್ತಿಗೆ ನನ್ನ ಬಳಿ ಬಂದು ಬ್ಯಾಗಿನಿಂದ ಒಂದು ಕಾಗದ ತೆಗೆದರು. ಪರೀಕ್ಷೆ ಬರೆದು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರ ಕೆಲಸ ಗಿಟ್ಟಿಸಿದ್ದರು. ಹಾಜರಾಗಲು ಸೋಮವಾರ ಕೊನೆಯ ದಿನ. ತಪ್ಪಿದರೆ ಕೆಲಸ ಬೇರೆಯವರ ಪಾಲು.

‘ಪುಣ್ಯದ ಕೆಲ್ಸ ಬುಟ್ಟು ಫೈಲ್ ಹಿಡಿಯಕ್ಕೆ ಹೋಯ್ತೀಯೇನವ್ವ ಅಂತಾರೆ ನಮ್ಮತ್ತೆ. ಆದ್ರೆ ಡ್ಯೂಟೀಲಿ ಬಿಸಿ ಊಟ ಉಂಡಿದ್ದೇ ನೆನಪಿಲ್ಲ ನಂಗೆ. ಬಿಟ್ರೆ ತಪ್ಪಾ ಸಾರ್?’

ನಾನು ತೀರ್ಪು ಕೊಡಲಿಲ್ಲ. ಆದರೆ ಯೋಚಿಸಿ. ಬ್ಯಾಂಕಿನವರು ನೌಕರಿ ಬದಲಿಸಿದರೆ ಸ್ವೀಟ್ ಕೇಳುತ್ತೇವೆ. ನರ್ಸ್ ಬದಲಿಸಿದರೆ ಮಾತ್ರ ಕಾರಣ ಕೇಳುತ್ತೇವೆ. ಯಾಕೆ?

ಸವಿತಾ ಸೋಮವಾರ ಹಾಜರಾದರು. ಆಸ್ಪತ್ರೆಗೆ ನಷ್ಟವೇ, ಸಂಶಯವಿಲ್ಲ.

ಕಳೆದ ವಾರ ಒಂದು ಸಂಜೆ ನನಗೆ ಅದೇ ಕಚೇರಿಯಲ್ಲಿ ಕೆಲಸವಿತ್ತು. (ಯಾವ ಕಚೇರಿ ಎಂದು ಕೇಳಬೇಡಿ, ಅವರಿನ್ನೂ ಹೊಸಬರು.) ‘ಹೇಗಿದೆ?’ ಎಂದೆ. ‘ಒಂದೂವರೆಗೆ ಊಟ ಸಾರ್. ದಿನಾ!’ ಎಂದರು. ಲಾಟರಿ ಹೊಡೆದವರ ಮುಖ.

ಮರುದಿನ ಮಗಳ ಸ್ಕೂಲ್ ಡೇ ಎಂದು ರಜೆ ಹಾಕಿದ್ದರು. ಮನೆಗೆ ಹೊರಟಿದ್ದ ಪಕ್ಕದ ಮೇಜಿನ ರಾಜಣ್ಣನನ್ನು ತಡೆದು, ಒಂದೊಂದೇ ಫೈಲು ತೋರಿಸತೊಡಗಿದರು.

‘ಇದು ಹೊಣಕೆರೆ ಕಾಳಮ್ಮಂದು. ಪಿಂಚಣಿ. ಒಂದು ಸೈನ್ ಬಾಕಿ. ನಾಳೆ ಹನ್ನೊಂದಕ್ಕೆ ಬರ್ತಾರೆ. ಕಿವಿ ಮಂದ, ಜೋರಾಗಿ ಹೇಳಿ. ಮಂಡಿ ನೋವದೆ, ಕೂರ್ಸಿ. ಇನ್ನು ಆರನೇ ಬೆಡ್ಡು... ಅಲ್ಲಲ್ಲ, ಆರನೇ ಫೈಲು...’

‘ಅಲ್ಲ ಕಣಕ್ಕೋ, ಒಂದಿನದ ರಜಕ್ಕೆ ಇಷ್ಟೊಂದಾ? ನಾನೇನು ಹೆರಿಗೆ ಮಾಡಿಸ್ಬೇಕಾ?’

‘ಮಾಡ್ಸಿ. ಈ ಫೈಲಿಗೆ ಆಗ್ಲೇ ಎಂಟು ತಿಂಗ್ಳು.’

ಆಸ್ಪತ್ರೆಯಲ್ಲಿ ಪಾಳಿ ಮುಗಿಸಿದ ನರ್ಸ್, ಪ್ರತಿ ರೋಗಿಯನ್ನೂ ಮುಂದಿನ ಪಾಳಿಯವರಿಗೆ ಹೀಗೆ ಬಾಯಿಬಿಟ್ಟು ಒಪ್ಪಿಸದೆ ಹೊರಡುವಂತಿಲ್ಲ. ಕಚೇರಿಯಲ್ಲಿ ಅಂಥ ರೂಢಿ ಇಲ್ಲವೆಂದು ಸವಿತಾಗೆ ಯಾರೂ ಹೇಳಿರಲಿಲ್ಲ! ನಮಗೆ ಗೊತ್ತಿರುವ ರೂಢಿ ಏನು? ಗುಮಾಸ್ತರು ರಜೆ ಹಾಕಿದರೆ ಫೈಲಿಗೂ ರಜೆ.

ಮರುದಿನ ಹನ್ನೊಂದಕ್ಕೆ ಮತ್ತೆ ಹೋದೆ. (ಕಣ್ಣಾರೆ ನೋಡದೆ ಬರೆಯುವ ಅಭ್ಯಾಸವಿಲ್ಲ.) ಕಾಳಮ್ಮ ಬಂದರು. ರಾಜಣ್ಣ ತಮ್ಮ ಕುರ್ಚಿಯನ್ನೇ ಅವರ ಕಡೆ ತಳ್ಳಿ, ವರಾಂಡದ ಕೊನೆಗೂ ಕೇಳುವಂತೆ ಕೂಗಿದರು. ‘ಕುಂತ್ಕಳವ್ವ! ಸೈನ್ ಆಯ್ತು! ಆಗೋಯ್ತು ನಿನ್ ಕೆಲ್ಸ!’

ಕಾಳಮ್ಮ ಕುರ್ಚಿಯನ್ನೊಮ್ಮೆ, ರಾಜಣ್ಣನನ್ನೊಮ್ಮೆ ನೋಡಿದರು. ‘ಯಾಕಪ್ಪಾ, ನೀನೂ ಮೊದ್ಲು ಆಸ್ಪತ್ರೇಲಿದ್ದಾ?’

ಕಚೇರಿಯೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ರಾಜಣ್ಣನೇ.

ಹೊಸದಾಗಿ ನೇಮಕವಾಗುವ ಗುಮಾಸ್ತರನ್ನೆಲ್ಲ ಮೊದಲೊಂದು ತಿಂಗಳು ಹೆರಿಗೆ ವಾರ್ಡಿಗೆ ಹಾಕಿದರೆ ಹೇಗೆ?