ಹೆಸರು ಬಂತು, ಚಿತ್ರ ಬರಲಿಲ್ಲ

ಅಬ್ಬಿಗೆರೆಯ ಪುಟ್ಟ ಕ್ಲಿನಿಕ್‌ನಲ್ಲಿ ತೆಗೆದ ಎಕ್ಸ್‌ರೇಯನ್ನು ಹೆಬ್ಬಾಳದ ಆಸ್ಪತ್ರೆಯ ಮೂಳೆ ಡಾಕ್ಟರು ಕೂತಲ್ಲೇ ನೋಡುವಂತೆ ಮಾಡುವುದು ನನಗೆ ಒಪ್ಪಿಸಿದ್ದ ಕೆಲಸ. ಆಸ್ಪತ್ರೆಯವರು ತಮ್ಮ ನೆಟ್‌ವರ್ಕನ್ನು ಪೂರ್ತಿ ಹೊಸ ಬಗೆಯ ಐಪಿ ವಿಳಾಸಗಳಿಗೆ ಬದಲಾಯಿಸಿಕೊಂಡಿದ್ದರು. ಅಬ್ಬಿಗೆರೆಗೆ ಬರುವ ಇಂಟರ್‌ನೆಟ್ ಲೈನಿಗೆ ಹಳೆಯದು ಬಿಟ್ಟು ಬೇರೆ ತಿಳಿಯದು. ಹಾಗಾಗಿ ಹೊಸದನ್ನು ಹಳೆಯದರೊಳಗಿಟ್ಟು ಸಾಗಿಸುವ ಟನಲ್ ಒಂದನ್ನು ಕಟ್ಟಬೇಕಿತ್ತು.

ಕಟ್ಟಿದೆ. ಪರೀಕ್ಷೆಗೆಂದು ಕಳಿಸಿದ ಚಿಕ್ಕ ಸಂದೇಶಗಳೆಲ್ಲ ಸಲೀಸಾಗಿ ಹೋಗಿ ಬಂದವು. ಅಷ್ಟರಲ್ಲಿ ಹಸು ಕಟ್ಟುವಾಗ ಜಾರಿಬಿದ್ದು ಮಣಿಕಟ್ಟು ಊದಿಸಿಕೊಂಡ ಹಿರಿಯರೊಬ್ಬರು ಮಗನ ಜೊತೆ ಬಂದರು. ಎಕ್ಸ್‌ರೇ ತೆಗೆದು ಕಳಿಸಿದೆವು. ಹೆಬ್ಬಾಳದ ಪರದೆಯಲ್ಲಿ ಅವರ ಹೆಸರು, ವಯಸ್ಸು ಕಾಣಿಸಿತು. ಚಿತ್ರದ ಜಾಗ ಖಾಲಿ.

"ಹೆಸ್ರು ನೋಡ್ಕೊಂಡು ಮೂಳೆ ಮುರಿದಿದ್ಯಾ ಅಂತ ಹೇಳ್ಲಾ ಮೇಡಂ?" ಎಂದರು ಡಾಕ್ಟರು ಫೋನಿನಲ್ಲಿ.

ಲೈನ್ ಕೊಟ್ಟ ಕಂಪನಿಗೆ ಫೋನ್ ಮಾಡಿದೆ. "ನಮ್ ಕಡೆ ಎಲ್ಲಾ ಕ್ಲಿಯರ್ ಇದೆ ಮೇಡಂ. ರೂಟರ್ ಒಂದ್ಸಲ ಆಫ್ ಮಾಡಿ ಆನ್ ಮಾಡಿ." ಅದನ್ನು ಬೆಳಗ್ಗೆಯಿಂದ ಮಾಡುತ್ತಲೇ ಇದ್ದೆ. ಹಲ್ಲು ಕಚ್ಚಿಕೊಂಡು ಮತ್ತೆ ಮಾಡಿದೆ. ಚಿತ್ರ ಬರಲಿಲ್ಲ.

ಹಿರಿಯರು ಎದ್ದರು. "ನಿನ್ ವೈರು ಯಾವಾಗ್ ಸರಿಯಾಯ್ತದೋ ಕಣವ್ವ. ನಾನೇ ಎಬ್ಬಾಳಕ್ಕೆ ಓಯ್ತೀನಿ ಬಿಡು." ಮಗ ಕಾರು ತೆಗೆದ.

ಸಿಟ್ಟಿನಲ್ಲೇ ಕೂತು, ಸಂದೇಶದ ಗಾತ್ರವನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತ ಕಳಿಸಿ ನೋಡಿದೆ. ಒಂದು ಮಟ್ಟ ಮೀರಿದ್ದು ಯಾವುದೂ ದಾಟಲಿಲ್ಲ. ಕಳಿಸಿದ್ದೆಲ್ಲ ತುಂಡುತುಂಡಾಗಿಯೇ ಸಾಗುವುದು; ಟನಲ್ ಪ್ರತಿ ತುಂಡಿಗೂ ತನ್ನದೊಂದು ಹೊದಿಕೆ ಸೇರಿಸುತ್ತದೆ. ಹೆಸರು, ವಯಸ್ಸಿನಂಥ ಚಿಕ್ಕ ತುಂಡುಗಳಿಗೆ ಅದು ಲೆಕ್ಕವಲ್ಲ. ಚಿತ್ರದ ತುಂಡುಗಳು ಮಾತ್ರ ಹೊದಿಕೆ ಸೇರಿ ಲೈನಿನ ಮಿತಿ ಮೀರುತ್ತಿದ್ದವು. ದೊಡ್ಡದಾಯಿತು ಎಂದು ನಮಗೆ ತಿಳಿಸಬೇಕಾದ ಎಚ್ಚರಿಕೆಯನ್ನೂ ದಾರಿಯಲ್ಲೇ ಯಾರೋ ತಡೆದಿಟ್ಟಿದ್ದರು. ಎಲ್ಲಾ ಕ್ಲಿಯರ್ ಅಂತೆ. ಎರಡೂ ತುದಿಯಲ್ಲಿ ತುಂಡಿನ ಗಾತ್ರ ಇಳಿಸಿದೆ. ಚಿತ್ರ ಹೋಯಿತು.

"ಮುರಿದಿಲ್ಲ, ಬರೀ ಉಳುಕು," ಎಂದರು ಡಾಕ್ಟರು. "ಅವರು ಇಲ್ಲೀವರೆಗೂ ಬರೋದ್ ಬೇಡ, ಅಲ್ಲೇ ಪಟ್ಟಿ ಕಟ್ಟಿಸ್ಬಿಡಿ."

ಮಗನ ನಂಬರಿಗೆ ಫೋನ್ ಮಾಡಿದೆ. ಎತ್ತಿದ್ದು ಹಿರಿಯರು. ಹೆಬ್ಬಾಳದ ಫ್ಲೈಓವರ್ ಮೇಲಿದ್ದರು. ವಿಷಯ ಹೇಳಿದೆ.

"ಮುಂದ್ಕೂ ಓಗಂಗಿಲ್ಲ, ಇಂದ್ಕೂ ಬರಂಗಿಲ್ಲ, ಇಂಗೆ ನಿಂತಿವ್ನಿ. ಈಗ ವಾಪಸ್ ಬಾ ಅಂದ್ರೆ ಎಂಗವ್ವ ಬರಾದು?"

ಅಷ್ಟು ದೂರ ಹೋಗಿದ್ದೀರಿ, ಅಲ್ಲೇ ಕಟ್ಟಿಸಿಕೊಂಡು ಬನ್ನಿ ಎಂದೆ. ಅವರು ಸಮಾಧಾನವಾಗಿಯೇ ಇದ್ದರು. ನನಗೆ ಮಾತ್ರ, ಸಂಜೆ ಬಸ್ಸಿನಲ್ಲಿ ವಿದ್ಯಾರಣ್ಯಪುರದ ಮನೆ ತಲುಪುವವರೆಗೂ, ಯಾರ ಮೇಲೆ ರೇಗಬೇಕೆಂದು ತಿಳಿಯಲಿಲ್ಲ.