ಕಿಟಕಿ ಬಿಟ್ಟು ಉಳಿದ ಗೋಡೆ

ನನ್ನ ಕೋಣೆಯನ್ನು ಹೊಸದು ಮಾಡುತ್ತಾರೆಂಬುದು ನನಗೆ ಗೊತ್ತಾದದ್ದು ಫೋನಿನಲ್ಲಿ. ಮಗ ‘ಅಮ್ಮನ ರೂಮ್’ ಎಂದು ಒಂದು ಗುಂಪು ಮಾಡಿ ಸೊಸೆ, ಮೊಮ್ಮಗಳು, ನಾನು ಮೂವರನ್ನೂ ಸೇರಿಸಿದ್ದ. ನಾವು ನಾಲ್ವರೂ ಇರುವುದು ವೆಸ್ಟ್ ಮಾಂಬಲಂನ ಒಂದೇ ಫ್ಲ್ಯಾಟಿನಲ್ಲಿ.

ಕನ್ನಡದಲ್ಲಿ ಟೈಪ್ ಮಾಡುವುದನ್ನು ಮೊಮ್ಮಗಳು ಆ ತಿಂಗಳಷ್ಟೇ ನನಗೆ ಕಲಿಸಿದ್ದಳು. ಈ ತಮಿಳು ಊರಿನಲ್ಲೇ ಬೆಳೆದ ಅವಳಿಗೆ ಕನ್ನಡ ಓದಲು ಬರುವುದಿಲ್ಲ. ತಪ್ಪು ಹುಡುಕುವವರಿಲ್ಲದ್ದರಿಂದ ಬೇಗ ಕಲಿತೆ.

ಗುಂಪಿಗೆ ಮೊದಲು ಬಂದದ್ದು ಎಸ್ಟಿಮೇಟು. ಮಂಚ, ಫಾಲ್ಸ್ ಸೀಲಿಂಗು, ಪೇಂಟು, ಎ.ಸಿ., ಆಮೇಲೆ ಪೂರ್ವದ ಗೋಡೆಗೆ ಈ ತುದಿಯಿಂದ ಆ ತುದಿಯವರೆಗೆ ವಾರ್ಡ್‌ರೋಬು. ಒಟ್ಟು ಖರ್ಚಿನಲ್ಲಿ ಅರ್ಧ ಅದೇ. ಪೂರ್ವದ ಗೋಡೆಯಲ್ಲಿ ನನ್ನ ಕಿಟಕಿ ಇದೆ. ಜೊತೆಗಿದ್ದ ಬಣ್ಣದ ಚಿತ್ರವನ್ನು ಬೆರಳಲ್ಲಿ ದೊಡ್ಡದು ಮಾಡಿ ಮಾಡಿ ನೋಡಿದೆ. ಕಿಟಕಿ ಇರಲಿಲ್ಲ.

“ಎ.ಸಿ. ಇರತ್ತಲ್ಲಮ್ಮ, ಕಿಟಕಿ ಯಾಕೆ?” ಎಂದ ಮಗ.

ಯಾಕೆಂದು ಹೇಳುವುದು ಸುಲಭವಿರಲಿಲ್ಲ. ಆ ಕಿಟಕಿಯಿಂದ ಎದುರು ಫ್ಲ್ಯಾಟಿನ ಅಡುಗೆಮನೆ ಕಾಣುತ್ತದೆ. ನಡುವಿನ ಓಣಿ ಎಷ್ಟು ಕಿರಿದೆಂದರೆ ಅವರ ಒಗ್ಗರಣೆಗೆ ನಾನು ಕೆಮ್ಮುತ್ತೇನೆ. ಹನ್ನೊಂದು ವರ್ಷದಿಂದ ಆ ಮನೆಯನ್ನು ಒಂದು ದಿನ ಬಿಡದೆ ನೋಡುತ್ತ ಬಂದಿದ್ದೇನೆ. ಅಲ್ಲಿನ ಗೃಹಿಣಿ ಸಕ್ಕರೆ ಡಬ್ಬಿ ಎಲ್ಲಿ ಬಚ್ಚಿಟ್ಟರೂ ಸಕ್ಕರೆ ಕಾಯಿಲೆಯ ಅವಳ ಮಾವನವರು ಹುಡುಕಿಬಿಡುತ್ತಾರೆ. ಆ ಮನೆಯ ಮಗಳಿಗೆ ಈಗ ಗಂಡು ನೋಡುತ್ತಿದ್ದಾರೆ. ಕೇಸರಿಬಾತು, ಬಜ್ಜಿ ಮಾಡಿದರೆ ಅವತ್ತು ಹೆಣ್ಣು ನೋಡಲು ಯಾರೋ ಬರುತ್ತಾರೆಂದು ಅರ್ಥ. ಮೂರು ಸಲ ಮಾಡಿದ್ದಾಯಿತು, ಒಂದೂ ಕುದುರಲಿಲ್ಲ. ಇಂಥ ಹೊತ್ತಿನಲ್ಲಿ ಕಿಟಕಿ ಮುಚ್ಚಿದರೆ ನನ್ನ ಗತಿಯೇನು? ಆದರೆ ಎದುರುಮನೆಗೆ ಇಣುಕಬೇಕೆಂದು ಎಸ್ಟಿಮೇಟಿನಲ್ಲಿ ಬರೆಸಲಾಗುವುದಿಲ್ಲ.

ಹಾಗಾಗಿ ಶಾಸ್ತ್ರದ ಮೊರೆಹೋದೆ. ಚಿತ್ರದಲ್ಲಿ ನನ್ನ ದಿಂಬು ಉತ್ತರದ ಕಡೆಗಿತ್ತು. “ಉತ್ತರಕ್ಕೆ ತಲೆ ಹಾಕಿ ಮಲಗಬಾರದು. ಪ್ಲಾನ್ ಪೂರ್ತಿ ಬದಲಾಯಿಸಿ” ಎಂದು ಟೈಪ್ ಮಾಡಿದೆ. ಇಪ್ಪತ್ತು ನಿಮಿಷ ಹಿಡಿಯಿತು. ನಮ್ಮ ಯಜಮಾನರು ರೈಲ್ವೆಯಲ್ಲಿದ್ದವರು. ಅವರ ಪಾಸಿನಲ್ಲಿ ಬರ್ತಿನ ಮೇಲೆ ಮಲಗಿಯೇ ಅರ್ಧ ದೇಶ ನೋಡಿದ್ದೇನೆ. ರೈಲು ತಿರುಗಿದಾಗಲೆಲ್ಲ ಎದ್ದು ದಿಂಬು ತಿರುಗಿಸಿದ ನೆನಪಿಲ್ಲ.

ಭಾನುವಾರ ಮರಗೆಲಸದ ಆಚಾರಿ ಟೇಪು ಹಿಡಿದು ಬಂದರು. ಮಗ ವಿಷಯ ತಿಳಿಸಿದ.

“ಪಾಟಿ ಸೊಲ್ರದು ಕರೆಕ್ಟು”, ಅಜ್ಜಿ ಹೇಳುವುದು ಸರಿ ಎಂದು ಅವರು ತಮಿಳಿನಲ್ಲಿ ಒಪ್ಪಿ, ನನಗೆ ಕೈಮುಗಿದು, ಕಿವಿಯ ಮೇಲಿದ್ದ ಪೆನ್ಸಿಲು ತೆಗೆದು, ದಿಂಬನ್ನು ದಕ್ಷಿಣಕ್ಕೆ ಬರೆದರು. ಅರ್ಧ ನಿಮಿಷ ಸಾಕಾಯಿತು. ಇಡೀ ಎಸ್ಟಿಮೇಟಿನಲ್ಲಿ ಕಾಸು ಖರ್ಚಿಲ್ಲದ ಬದಲಾವಣೆ ಅದೊಂದೇ.

“ಈಗ ಸರೀನಾಮ್ಮ?” ಎಂದ ಮಗ.

“ಫಾಲ್ಸ್ ಸೀಲಿಂಗ್ ಬೇಡ” ಎಂದೆ. ಬೇರೇನೂ ತೋಚಲಿಲ್ಲ.

“ಆಯ್ತು, ಬೇಡ. ಆದ್ರೆ ವಾರ್ಡ್‌ರೋಬ್ ಬೇಕೇ ಬೇಕು. ಇವಳ ಸೀರೆಯೆಲ್ಲ ನಿನ್ನ ಮಂಚದ ಕೆಳಗೆ ಸೂಟ್‌ಕೇಸಲ್ಲಿ ಬಿದ್ದಿದೆ.”

ಸೊಸೆ, “ಕಿಟಕಿ ಇರ್ಲಿ ಬಿಡಿ” ಎಂದಳು.

“ಯಾಕೆ?”

“ಎದುರುಮನೇಲಿ ಗುರುವಾರ ಮತ್ತೆ ಕೇಸರಿಬಾತ್ ಆಯ್ತಲ್ಲ. ಮುಂದೇನಾಯ್ತು ಅಂತ ಗೊತ್ತಾಗೋದು ಬೇಡ್ವಾ?”

ಮಗ ನನ್ನ ಮುಖ ನೋಡಿದ. ನಾನು ಸೊಸೆಯ ಮುಖ ನೋಡಿದೆ. ಗುರುವಾರ ನಾನು ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ. ನಾಲ್ಕನೆಯ ಕೇಸರಿಬಾತು ನನಗೆ ಗೊತ್ತೇ ಇರಲಿಲ್ಲ.

“ಆದ್ರೆ ಅತ್ತೆ, ನನ್ನ ಸೀರೆ ಎಲ್ಲಿಡ್ಲಿ? ನಿಮ್ಮ ಬೀರು ಹೋದ್ರೆ ಪಶ್ಚಿಮದ ಗೋಡೆ ಸಿಗತ್ತೆ” ಎಂದಳು.

ಆ ಸ್ಟೀಲ್ ಬೀರು ನನ್ನ ಮದುವೆಯಲ್ಲಿ ನಮ್ಮಪ್ಪ ಕೊಡಿಸಿದ್ದು. ಬೀಗದಕೈ ಸದಾ ನನ್ನ ಸೊಂಟದಲ್ಲಿ.

“ಅದರಲ್ಲಿ ಮುಖ್ಯವಾದದ್ದೆಲ್ಲ ಇದೆ” ಎಂದೆ.

“ತೆಗೀರಿ, ನೋಡೋಣ.”

ತೆಗೆದೆ. ಈ ಊರಿನ ಮದುವೆಗಳಲ್ಲಿ ತೆಂಗಿನಕಾಯಿ ಹಾಕಿ ಕೊಡುವ ತಾಂಬೂಲದ ಚೀಲಗಳಿದ್ದವು. ಮೇಲಿನಿಂದ ಕೆಳಗಿನವರೆಗೆ, ಇಸ್ತ್ರಿ ಮಾಡಿದಂತೆ ಮಡಿಸಿಟ್ಟ ಚೀಲಗಳು. ಒಂದೊಂದರ ಮೇಲೂ ಹೆಣ್ಣುಗಂಡಿನ ಹೆಸರು. ಅವರಲ್ಲಿ ಕೆಲವರು ಬೇರೆಯಾಗಿ, ಇನ್ನೊಂದು ಮದುವೆಯಾಗಿ, ಆ ಮದುವೆಯ ಚೀಲವೂ ಬಂದಿತ್ತು. ಆಚಾರಿ ಒಂದು ಚೀಲ ಕೇಳಿ ಇಸಿದುಕೊಂಡು, ಅದರೊಳಗೆ ತಮ್ಮ ಟೇಪು ಹಾಕಿಕೊಂಡರು.

ಒಂದು ದಿನ ಯೋಚಿಸುತ್ತೇನೆಂದೆ. ಸಂಜೆ ಬೀರುವಿನ ಬಾಗಿಲನ್ನು ನಾಲ್ಕು ಸಲ ತೆರೆದು ಮುಚ್ಚಿದೆ. ಅಪ್ಪ ಅದನ್ನು ಆರಿಸಿದಾಗಲೂ ಹೀಗೇ ತೆರೆದು ಮುಚ್ಚಿ, ಸದ್ದು ಕೇಳಿ ನೋಡಿದ್ದರು. ಅದೇ ಸದ್ದು ಈಗಲೂ ಇತ್ತು. ಆಮೇಲೆ ಕಿಟಕಿಯ ಹತ್ತಿರ ಹೋಗಿ ನಿಂತೆ. ಎದುರು ಮಾವನವರು ಸ್ಟೂಲು ಹತ್ತಿ, ಮೇಲಿನ ಹಲಗೆಯಲ್ಲಿದ್ದ ಸಕ್ಕರೆ ಡಬ್ಬಿಗೆ ಕೈಹಾಕುತ್ತಿದ್ದರು.

ಮರುದಿನ ಮಗ ಪೆರುಂಗುಡಿಯ ಆಫೀಸಿನಿಂದಲೇ ಹೊಸ ಎಸ್ಟಿಮೇಟು ಕಳಿಸಿದ. ಪಶ್ಚಿಮದ ಗೋಡೆಗೆ ಚಿಕ್ಕ ವಾರ್ಡ್‌ರೋಬು, ಸೀಲಿಂಗಿಲ್ಲ, ಬೀರು ಕೊಟ್ಟುಬಿಡುವುದು. ಖರ್ಚು ಅವನು ಅಂದುಕೊಂಡಿದ್ದಕ್ಕಿಂತ ಕಡಿಮೆಯಾಗಿತ್ತು. ಎಲ್ಲರೂ ಒಪ್ಪಿಗೆ ತಿಳಿಸಬೇಕೆಂದು ಕೆಳಗೆ ಬರೆದಿದ್ದ.

ನಾನು ಟೈಪ್ ಮಾಡಿದೆ: “ಒಪ್ಪಿಗೆ. ಬೀಗದಕೈ ಮಾತ್ರ ಕೊಡಲ್ಲ. ಗುರುವಾರ ಬಂದ ಹುಡುಗ ಹೇಗಿದ್ದ?”

ಅಡುಗೆಮನೆಯಲ್ಲಿದ್ದ ಸೊಸೆ ಅದೇ ಗುಂಪಿನಲ್ಲಿ ಉತ್ತರ ಕೊಟ್ಟಳು: “ಸುಮಾರು. ಕೇಸರಿಬಾತ್ ಪೂರ್ತಿ ಮಿಕ್ಕಿತ್ತು.”